ಎದೆಯೊಳಗಿನ ಬೂಸಾ

'ಗಾಳಿ ಬಂದಾಗ ತೂರಿಕೋ' ಅನ್ನುವ ಗಾದೆಯನ್ನು ಶಾಲೆಯಲ್ಲಿ ಮಕ್ಕಳ ಕೈಲಿ ವಿಸ್ತರಿಸಿ ಬರೆಸುತ್ತಾರೆ. ಸಿಕ್ಕ ಅವಕಾಶ ಬಿಡಬಾರದು ಅಂತ ಮಕ್ಕಳು ಬರೆಯುತ್ತವೆ. ಮೇಷ್ಟ್ರು ಅಂಕ ಕೊಡುತ್ತಾರೆ. ಅಲ್ಲಿಗೆ ಗಾದೆಯ ಕೆಲಸ ಮುಗಿಯಿತು. ಆದರೆ ಕಣದಲ್ಲಿ ನಿಂತು ನೋಡಿದವರಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ತೂರಿದಾಗ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ಗಾಳಿ ಜೊತೆ ಹೋಗುತ್ತದೆ. ಹೋದ ಹೊಟ್ಟು ಯಾರ ಮೇಲೆ ಬೀಳುತ್ತದೆ? ಆ ಕಡೆ ಪೊರಕೆ ಹಿಡಿದು ನಿಂತವಳು ಯಾರು? ಗಾದೆ ಇದನ್ನು ಹೇಳುವುದಿಲ್ಲ. ಯಾಕಂದರೆ ಅದು ಕಾಳಿನ ಒಡೆಯನ ಬಾಯಿಯ ಮಾತು. ಹೊಟ್ಟು ಬಳಿಯುವವಳು ಕಟ್ಟಿದ್ದರೆ ಆ ಗಾದೆಯೇ ಬೇರೆ ಇರುತ್ತಿತ್ತು.

ಗಾದೆಯಾಗಲಿ ಕವಿತೆಯಾಗಲಿ ಕತೆಯಾಗಲಿ, ಕೊನೆಗೆ ಆಸ್ಪತ್ರೆಯ ಚೀಟಿಯೇ ಆಗಲಿ, ಯಾವ ಕಡೆ ನಿಂತು ಮಾತಾಡುತ್ತಿದೆ ಎಂದು ಕೇಳುವುದು ವಿಮರ್ಶೆಯ ಮೊದಲ ಕೆಲಸ ಎಂದು ನಾವು ತಿಳಿದಿದ್ದೇವೆ. ಆ ಪ್ರಶ್ನೆಯನ್ನು ಇಲ್ಲಿ ಒಂದು ರೋಗದ ಮುಖಾಂತರ ಕೇಳುತ್ತಿದ್ದೇವೆ. ಜನ ಅದಕ್ಕೆ ದಮ್ಮು ಅನ್ನುತ್ತಾರೆ, ಉಬ್ಬಸ ಅನ್ನುತ್ತಾರೆ. ಡಾಕ್ಟರು ಅಸ್ತಮಾ ಅನ್ನುತ್ತಾರೆ. ಕೇಳುತ್ತಿರುವ ಜಾಗ ದಾವಣಗೆರೆ ಮತ್ತು ಹರಿಹರ.

1

1960ರ ದಶಕದಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಮುಗಿದು ನಾಲೆಗೆ ನೀರು ಹರಿದ ಮೇಲೆ ಹರಿಹರ, ಮಲೇಬೆನ್ನೂರು, ದಾವಣಗೆರೆ ಸುತ್ತಿನ ನೆಲ ಗದ್ದೆಯಾಯಿತು. ನಾಲೆ ಹತ್ತದ ಕಡೆ, ಜೋಳ ರಾಗಿ ಹತ್ತಿ ಬೆಳೆಯುತ್ತಿದ್ದ ಹೊಲಗಳಿಗೆ ಮೆಕ್ಕೆಜೋಳ ನುಗ್ಗಿತು. ಇವತ್ತು ಮೆಕ್ಕೆಜೋಳ ಎಂದರೆ ರಾಜ್ಯದಲ್ಲಿ ಮೊದಲು ನೆನಪಾಗುವ ಮಾರುಕಟ್ಟೆಗಳಲ್ಲಿ ದಾವಣಗೆರೆ ಒಂದು. ಅದರ ಜೊತೆಗೆ ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು. ಊರಿಗೆ ಬಂದವರು ಬೆಣ್ಣೆದೋಸೆ ತಿಂದು, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗುತ್ತಾರೆ. ಊರು ದೊಡ್ಡದು, ಉಣ್ಣಿಸುವ ಊರು ಎಂದು ಹೊಗಳುತ್ತಾರೆ.

ಈ ಹೊಗಳಿಕೆಯ ಕೆಳಗೆ ಒಂದು ಧೂಳಿನ ದಾರಿ ಇದೆ. ಹೊಲದಲ್ಲಿ ತೆನೆ ಮುರಿಯುವಾಗ ಅದು ಶುರುವಾಗುತ್ತದೆ. ಒಣಗಿದ ಗರಿ ಮುಖಕ್ಕೆ ಬಡಿಯುತ್ತದೆ, ಪುಡಿ ಕಣ್ಣು ಮೂಗು ತುಂಬುತ್ತದೆ. ಆಮೇಲೆ ಟ್ರ್ಯಾಕ್ಟರಿಗೆ ಜೋಡಿಸಿದ ಒಕ್ಕಣೆ ಮಷೀನು. ತೆನೆ ಸುರಿಯುವವರು ಕೆಲವರು, ಚೀಲ ಹಿಡಿಯುವವರು ಕೆಲವರು, ಬೆಂಡು ಎಳೆದು ಹಾಕುವವರು ಕೆಲವರು. ಮಷೀನಿನ ಫ್ಯಾನು ಹೊಟ್ಟನ್ನು ಉಗುಳುತ್ತಲೇ ಇರುತ್ತದೆ. ಬಾಯಿಗೆ ಟವಲ್ಲು, ತಲೆಗೆ ಸೀರೆ ಸೆರಗು, ಅಷ್ಟೇ ರಕ್ಷಣೆ. ಒದ್ದೆ ಟವಲ್ಲು ದಪ್ಪ ಹೊಟ್ಟನ್ನು ತಡೆದೀತು, ಎದೆಯ ಆಳಕ್ಕೆ ಇಳಿಯುವ ಸಣ್ಣ ಧೂಳನ್ನು ತಡೆಯುವುದಿಲ್ಲ. ಕೂಲಿ ಗುತ್ತಿಗೆ ಲೆಕ್ಕದಲ್ಲಿದ್ದರೆ ಮಷೀನು ನಿಂತರೆ ಕೂಲಿಯೂ ನಿಂತಂತೆ. ಹಾಗಾಗಿ ಕೆಮ್ಮಿಕೊಂಡೇ ಸುರಿಯಬೇಕು.

ಮುಂದೆ ಕಾಳನ್ನು ರಸ್ತೆ ಮೇಲೆ ಹರವಿ ಕೈಯಾಡಿಸುವುದು. ಎಪಿಎಂಸಿ ಯಾರ್ಡಿನಲ್ಲಿ ಸುರಿಯುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು, ಹಮಾಲರು ಬೆನ್ನ ಮೇಲೆ ಹೊರುವುದು. ಎಲ್ಲ ಮುಗಿದ ಮೇಲೆ ಕಸ ಗುಡಿಸಿ, ಆ ಕಸದೊಳಗಿನ ಕಾಳು ಆಯುವ ಹೆಂಗಸರು. ಭತ್ತದ್ದೂ ಇದೇ ಕತೆ. ಗಿರಣಿಯಲ್ಲಿ ಹೊಟ್ಟು ಬೇರೆ, ತೌಡು ಬೇರೆ, ಅಕ್ಕಿ ಬೇರೆ. ಹೊಟ್ಟು ಮತ್ತೆ ಭಟ್ಟಿಯ ಒಲೆಗೆ ಹೋಗುತ್ತದೆ. ಗಿರಣಿಯಲ್ಲಿ ಧೂಳಾಗಿ ಒಬ್ಬರ ಎದೆ ಹೊಕ್ಕದ್ದು ಭಟ್ಟಿಯಲ್ಲಿ ಹೊಗೆಯಾಗಿ ಇನ್ನೊಬ್ಬರ ಎದೆ ಹೊಗುತ್ತದೆ.

ಈ ದಾರಿಯಲ್ಲಿ ನಿಂತವರು ಯಾರು? ಭೂಮಿ ಇಲ್ಲದವರು. ಮಾದಿಗರು, ಹೊಲೆಯರು, ಲಂಬಾಣಿಗರು, ಬೇಡರು, ಭಟ್ಟಿಯ ಬಡ ಮುಸ್ಲಿಮರು. ಅವರಲ್ಲೂ ಹೆಂಗಸರು. ಇದು ಇವತ್ತಿನ ಏರ್ಪಾಟಲ್ಲ. ಆಯದ ಕಾಲದಲ್ಲಿ ರಾಶಿ ಪೂಜೆ ಆಗುವ ತನಕ ಕೇರಿಯವರು ಕಣದ ಹೊರಗೆ ನಿಲ್ಲಬೇಕಿತ್ತು. ಎಲ್ಲರ ಪಾಲು ಎದ್ದ ಮೇಲೆ ತಳದಲ್ಲಿ ಉಳಿದ ಮಣ್ಣುಗಾಳು, ಹೊಟ್ಟುಗಾಳು ಅವರ ಮಡಿಲಿಗೆ. ಅದನ್ನು ಮತ್ತೆ ಕೇರಿ ತಾಯಂದಿರೇ ಕೇರಿ ತೂರಿ ಗಂಜಿ ಮಾಡಬೇಕು. ಕಾಳು ಒಡೆಯನಿಗೆ, ಧೂಳು ಕೇರಿಗೆ ಎಂಬ ಹಂಚಿಕೆ ಅಂದಿನದು. ಕಣ ಹೋಗಿ ಮಷೀನು ಬಂತು. ಹಂಚಿಕೆ ಹಾಗೇ ಉಳಿಯಿತು.

2

ದಮ್ಮನ್ನು ಹಣೆಬರಹ ಅನ್ನುವವರಿದ್ದಾರೆ, ವಂಶದ್ದು ಅನ್ನುವವರಿದ್ದಾರೆ, ಬೀಡಿಯದು ಅನ್ನುವವರಿದ್ದಾರೆ. ಬೀಡಿ ಎದೆ ಸುಡುತ್ತದೆ, ಕೆಲವು ಮನೆಗಳಲ್ಲಿ ವಂಶದ ಪಾಲೂ ಇರುತ್ತದೆ, ಒಪ್ಪೋಣ. ಆದರೆ ಬೀಡಿ ಮುಟ್ಟದ ಹೆಂಗಸಿಗೆ, ಮನೆಯಲ್ಲಿ ಯಾರಿಗೂ ಇಲ್ಲದ ದಮ್ಮು, ನಲವತ್ತರ ವಯಸ್ಸಿಗೆ ಎಲ್ಲಿಂದ ಬಂತು?

ವೈದ್ಯಶಾಸ್ತ್ರ ಇದಕ್ಕೆ ಉತ್ತರ ಇಟ್ಟುಕೊಂಡಿದೆ. ಕಾಳಿನ ಧೂಳು ಬರೀ ಮಣ್ಣಲ್ಲ. ಅದರಲ್ಲಿ ಹೊಟ್ಟಿನ ಚೂರು, ಜೋಳದ ಸುಂಕು, ಬೂಷ್ಟಿನ ಬೀಜಕಣ, ಕಾಳು ತಿನ್ನುವ ಕಣ್ಣಿಗೆ ಕಾಣದ ನುಸಿ, ಆ ನುಸಿಯ ಹಿಕ್ಕೆ, ಸತ್ತ ಬ್ಯಾಕ್ಟೀರಿಯಾದ ವಿಷ ಎಲ್ಲ ಸೇರಿರುತ್ತದೆ. ಮಳೆಗೆ ಸಿಕ್ಕಿ ತೇವ ಉಳಿದ ಮೆಕ್ಕೆಜೋಳದಲ್ಲಿ ಬೂಷ್ಟು ಇನ್ನೂ ಹೆಚ್ಚು. ಇದು ಎದೆಗೆ ಎರಡು ದಾರಿಯಲ್ಲಿ ಕೇಡು ಮಾಡುತ್ತದೆ. ಒಂದು, ಕೆರಳಿಸುವ ದಾರಿ. ಉಸಿರಿನ ಕೊಳವೆಯ ಒಳಚರ್ಮ ಕೆಂಪಾಗಿ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ಎರಡು, ಒಗ್ಗದಿರುವ ದಾರಿ. ತಿಂಗಳೋ ವರ್ಷವೋ ಧೂಳು ಕುಡಿದ ಮೈ ಒಂದು ದಿನ ಆ ಧೂಳನ್ನು ವೈರಿ ಎಂದು ತಿಳಿದುಬಿಡುತ್ತದೆ. ಅಲ್ಲಿಂದ ಮುಂದೆ ಚಿಟಿಕೆ ಧೂಳು ಸಾಕು, ಕೊಳವೆ ಬಿಗಿದುಕೊಳ್ಳುತ್ತದೆ, ಎದೆ ಸಿಳ್ಳೆ ಹಾಕುತ್ತದೆ. 'ಇಷ್ಟು ವರ್ಷ ಮಾಡಿದ ಕೆಲಸ, ಈಗ್ಯಾಕೆ ಆಗಬೇಕು' ಎಂದು ಕೇಳುವವರಿಗೆ ಉತ್ತರ ಇಷ್ಟೇ: ಇಷ್ಟು ವರ್ಷ ಮಾಡಿದ್ದಕ್ಕೇ ಆಯಿತು.

ಇನ್ನೊಂದು ಮುಖ್ಯ ಸಂಗತಿ. ಈ ದಮ್ಮನ್ನು ಬೇಗ ಗುರುತು ಹಿಡಿದು, ಧೂಳಿನಿಂದ ಆ ಮನುಷ್ಯನನ್ನು ದೂರ ಇಟ್ಟರೆ ಎಷ್ಟೋ ಸಾರಿ ಅದು ಇಳಿಯುತ್ತದೆ. ತಡವಾದರೆ, ಕೆಲಸ ಬಿಟ್ಟ ಮೇಲೂ ದಮ್ಮು ಬಿಡುವುದಿಲ್ಲ. ಗುರುತು ಹಿಡಿಯಲು ದೊಡ್ಡ ಯಂತ್ರವೇ ಮೊದಲು ಬೇಕೆಂದೇನಿಲ್ಲ. ಒಂದು ಮಾತು ಕೇಳಿದರೆ ದಾರಿ ಸಿಗುತ್ತದೆ: 'ಯಕ್ಕಾ, ಕೆಲ್ಸಕ್ಕೆ ಹೋದ ದಿನ ಹೆಚ್ಚಾಕ್ಕತೋ? ಮನ್ಯಾಗಿದ್ದ ದಿನ ಕಡಿಮಿ ಇರತೈತೋ?' ಆಮೇಲೆ ಒಂದು ಅಗ್ಗದ ಪ್ಲಾಸ್ಟಿಕ್ ಕೊಳವೆ ಉಂಟು. ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರು. ದಿನಕ್ಕೆ ನಾಲ್ಕು ಸಾರಿ ಊದಿ, ಕೆಲಸದ ದಿನಗಳದ್ದೂ ಬಿಡುವಿನ ದಿನಗಳದ್ದೂ ಅಂಕಿ ಕೆಲವು ವಾರ ಬರೆದಿಟ್ಟರೆ, ಇದು ಕೆಲಸ ತಂದ ದಮ್ಮೋ ಅಲ್ಲವೋ ಎಂಬುದಕ್ಕೆ ಕಾಗದದ ಮೇಲೆ ಸಾಕ್ಷಿ ಸಿಗುತ್ತದೆ. ಅಂಕಿ ಬರೆಯಲು ಏಳನೇ ಕ್ಲಾಸಿನ ಮಗಳು ಸಾಕು.

ದಾವಣಗೆರೆಗೆ ಈ ಪಾಠ ಹೊಸದಾಗಬೇಕಿಲ್ಲ. ಇದು ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು. ಹತ್ತಿ ಧೂಳಿನ ರೋಗಕ್ಕೆ ಒಂದು ವಿಚಿತ್ರ ಗುಣ ಇದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ. ಇಂಗ್ಲೆಂಡಿನ ಗಿರಣಿಗಳಲ್ಲಿ ಅದನ್ನು ಸೋಮವಾರದ ರೋಗ ಎಂದೇ ಕರೆದರು. ಅಲ್ಲಿ ವೈದ್ಯರು ರೋಗಿಯ ಎದೆ ನೋಡಿದಂತೆ ಅವನ ವಾರವನ್ನೂ ನೋಡಿದರು. ದಾವಣಗೆರೆಯ ಗಿರಣಿ ಕಾರ್ಮಿಕರಿಗೆ ಸಂಘ ಇತ್ತು. ಅವರ ಮುಖಂಡ ಪಂಪಾಪತಿಯವರು ಕಮ್ಯುನಿಸ್ಟ್ ಪಕ್ಷದಿಂದ 1978, 1983, 1985ರಲ್ಲಿ ವಿಧಾನಸಭೆಗೆ ಗೆದ್ದು ಹೋದರು. ಪರಿಹಾರದ ಕಾಯ್ದೆಯ ಪಟ್ಟಿಯಲ್ಲಿ ಹತ್ತಿ ಧೂಳಿನ ರೋಗಕ್ಕೂ ಜಾಗ ಸಿಕ್ಕಿತು. ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯಲ್ಲಿ ಗೇಟು ಇತ್ತು, ಹಾಜರಿ ಇತ್ತು, ಸೋಮವಾರ ಇತ್ತು. ಹೊಲದ ಕೂಲಿಗೆ ಗೇಟಿಲ್ಲ, ಹಾಜರಿಯಿಲ್ಲ, ಸುಗ್ಗಿಯಲ್ಲಿ ಭಾನುವಾರವೂ ಇಲ್ಲ. ಅವಳ ರೋಗಕ್ಕೆ ವಾರದ ಹೆಸರು ಹೇಗೆ ಬಂದೀತು?

ಧೂಳಷ್ಟೇ ಅಲ್ಲ. ಕಾಂಗ್ರೆಸ್ ಗಿಡ ಇದೆ. 1950ರ ದಶಕದಲ್ಲಿ ಪುಣೆ ಕಡೆ ಕಾಣಿಸಿಕೊಂಡ ಈ ಕಳೆ ಅಮೆರಿಕದಿಂದ ಗೋಧಿ ಜೊತೆ ಬಂತು ಎಂದು ಹೇಳುತ್ತಾರೆ. ಹೊಟ್ಟೆಗೆ ಬಂದ ಭಿಕ್ಷೆಯ ಜೊತೆ ಎದೆಗೆ ಬಂದ ಶತ್ರು ಅದು. ಕೈಯಲ್ಲಿ ಕೀಳುವ ಹೆಂಗಸರಿಗೆ ತುರಿಕೆ, ಅದರ ಪರಾಗ ಕುಡಿದವರಿಗೆ ಸೀನು, ದಮ್ಮು. ಇದರ ಮೇಲೆ ಹೊಲಕ್ಕೆ ಹೊಡೆಯುವ ಎಣ್ಣೆ. ಕೀಟನಾಶಕಗಳಲ್ಲಿ ಕೆಲವು ಉಸಿರಿನ ಕೊಳವೆಯನ್ನೇ ಬಿಗಿಯುವಂಥವು. ಮಾಲೀಕ ಅಂಗಡಿಯಿಂದ ಬಾಟಲಿ ತರುತ್ತಾನೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಗಾಳಿಗೆ ಮುಖ ಕೊಡುವವನು ಕೂಲಿ.

3

ಇನ್ನು ಸಾಹಿತ್ಯದ ಮಾತಿಗೆ ಬರೋಣ. ಕೆಮ್ಮಿಗೂ ಕಾವ್ಯಕ್ಕೂ ಏನು ಸಂಬಂಧ ಎಂದು ಆರಾಮಕುರ್ಚಿಯ ವಿಮರ್ಶಕರು ಕೇಳಬಹುದು. ಸಂಬಂಧ ಇದೆ. ದುಡಿಯುವವನ ಮೈಯನ್ನು ಒಂದು ಭಾಷೆ ಹೇಗೆ ನೋಡಬೇಕು ಎಂಬುದನ್ನು ಬಹುಪಾಲು ಕಲಿಸುವುದು ಅದರ ಸಾಹಿತ್ಯವೇ.

ನವೋದಯಕ್ಕೆ ಸುಗ್ಗಿ ಎಂದರೆ ಸಂಭ್ರಮ. ಹೊಂಬಣ್ಣದ ತೆನೆ, ತುಂಬಿದ ಕಣ, ಎತ್ತಿನ ಗೆಜ್ಜೆ. ಉಳುವವನನ್ನು ಯೋಗಿ ಎಂದು ಕರೆದ ಕುವೆಂಪು ಅವರ ಕವಿತೆಯನ್ನು ಇವತ್ತು ಸಮಾರಂಭಗಳಲ್ಲಿ ರೈತಗೀತೆಯಾಗಿ ಎದ್ದು ನಿಂತು ಹಾಡುತ್ತೇವೆ. ಅರಮನೆ ಗುರುಮನೆಗಳ ಎದುರು ನೇಗಿಲನ್ನು ನಿಲ್ಲಿಸಿದ ಕವಿಗೆ ನಮ್ಮ ಗೌರವ ಇದ್ದೇ ಇದೆ. ಶೂದ್ರನಿಗೆ ತಲೆ ಎತ್ತುವುದನ್ನು ಕಲಿಸಿದವರು ಅವರು. ಆದರೂ ಕೇಳಬೇಕು. ಯೋಗಿ ಉಸಿರನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡವನು. ಒಕ್ಕಣೆ ಮಷೀನಿನ ಮುಂದೆ ನಿಂತವಳ ಉಸಿರು ಯಾರ ಹಿಡಿತದಲ್ಲಿದೆ? ಉಳುವವನು ಯೋಗಿಯಾದ. ಉಳುವವನ ಹೊಲದಲ್ಲಿ ಹೊಟ್ಟು ಬಳಿಯುವವಳು ಏನಾದಳು? ರೈತ ಎಂಬ ಒಂದೇ ಮಾತಿನೊಳಗೆ ಭೂಮಿ ಇರುವವನನ್ನೂ ಇಲ್ಲದವಳನ್ನೂ ಕಟ್ಟಿ ಹಾಕಿದರೆ ಧೂಳು ಯಾರ ಪಾಲಿಗೆ ಬಂತು ಎಂಬುದು ಕಾಣುವುದೇ ಇಲ್ಲ.

ನವ್ಯಕ್ಕೆ ಉಸಿರು ಬಹಳ ಇಷ್ಟದ ವಸ್ತು. ಉಸಿರುಗಟ್ಟಿಸುವ ಮನೆ, ಉಸಿರುಗಟ್ಟಿಸುವ ಸಂಪ್ರದಾಯ, ಉಸಿರುಗಟ್ಟಿಸುವ ಊರು. ಓದಿದ ಹುಡುಗ ಅಗ್ರಹಾರದಲ್ಲೋ ಪೇಟೆಯಲ್ಲೋ ಕೂತು ಉಸಿರುಗಟ್ಟುತ್ತಾನೆ. ಅನುಭವದ ಪ್ರಾಮಾಣಿಕತೆ ಎಂದು ಅದಕ್ಕೆ ಹೆಸರು ಬಂತು. ಅವನ ಸಂಕಟ ಸುಳ್ಳು ಎನ್ನುವುದಿಲ್ಲ. ಆದರೆ ಅಲ್ಲಿ ಉಸಿರುಗಟ್ಟುವುದು ಒಂದು ರೂಪಕ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಮೊಣಕೈಯನ್ನು ಮಂಡಿಗೆ ಊರಿ, ಹೆಗಲು ಮೇಲೆತ್ತಿ, ಗಾಳಿಯನ್ನು ಬಾಯಲ್ಲಿ ಕಚ್ಚಿ ಎಳೆಯುವವಳಿಗೆ ಅದು ರೂಪಕವಲ್ಲ. ಒಂದು ವರ್ಗದ ಮೈಯ ನೋವು ಇನ್ನೊಂದು ವರ್ಗದ ಮನಸ್ಸಿನ ಅಲಂಕಾರವಾಗುವುದು ಹೀಗೆ.

ದಲಿತ-ಬಂಡಾಯ ಸಾಹಿತ್ಯ ಬಂದಾಗ ಮೈ ಮೊದಲ ಸಾರಿ ಮೈಯಾಗಿಯೇ ಕಾಣಿಸಿತು. 1975ರ 'ಹೊಲೆಮಾದಿಗರ ಹಾಡು' ದುಡಿದು ಬಿದ್ದವರನ್ನು ಹೆಸರು ಹಿಡಿದು ಕೂಗಿತು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿ ಕೂತು ಕಡಲೆಕಾಯಿ ತಿನ್ನುವ ಆ ರಾತ್ರಿಯನ್ನು ಓದಿದವರಿಗೆ ಹಸಿವು ಎಂಬುದು ಆಮೇಲೆ ಬರೀ ಶಬ್ದವಾಗಿ ಉಳಿಯಲಿಲ್ಲ. ಕನ್ನಡಕ್ಕೆ ಹೊಟ್ಟೆಯ ಆಳ ತೋರಿಸಿದ್ದು ಈ ಸಾಹಿತ್ಯ.

ಆದರೆ ಹೊಟ್ಟೆಯ ಪಕ್ಕದಲ್ಲೇ ಇರುವ ಎದೆ ಅದೇ ಪ್ರಮಾಣದಲ್ಲಿ ಕಾಣಿಸಿಲ್ಲ. ಬಂಡಾಯದ ಕವಿತೆಗಳಲ್ಲಿ ಬೆವರು ಹರಿಯುತ್ತದೆ, ನೆತ್ತರು ಹರಿಯುತ್ತದೆ, ಮುಷ್ಟಿ ಎದ್ದು ನಿಲ್ಲುತ್ತದೆ. ಬೆವರು ಮತ್ತು ನೆತ್ತರು ಕಣ್ಣಿಗೆ ಕಾಣುವಂಥವು, ಬಣ್ಣ ಇರುವಂಥವು, ಬಾವುಟಕ್ಕೆ ಒಗ್ಗುವಂಥವು. ಕಫಕ್ಕೆ ಯಾವ ಬಾವುಟ? ಕತೆಗಳಲ್ಲಿ ಕೆಮ್ಮು ಇಲ್ಲವೆಂದಲ್ಲ, ಬೇಕಾದಷ್ಟಿದೆ. ಗುಡಿಸಲ ಮೂಲೆಯಲ್ಲಿ ಒಬ್ಬ ಮುದುಕ ಕೆಮ್ಮುತ್ತಿರುತ್ತಾನೆ. ಬಡತನ ತೋರಿಸಲು ಬುಡ್ಡಿ ದೀಪ, ಸೋರುವ ಸೂರು, ಕೆಮ್ಮುವ ಮುದುಕ. ಆ ಮುದುಕ ಮೂವತ್ತು ವರ್ಷ ಯಾವ ಗಿರಣಿಯ ತೌಡು ತುಂಬಿದ, ಯಾರ ಕಣದಲ್ಲಿ ಹೊಟ್ಟು ಹೊತ್ತ ಎಂದು ಕತೆ ಕೇಳುವುದಿಲ್ಲ. ಕೆಮ್ಮು ವಯಸ್ಸಿನ ಗುರುತಾಗುತ್ತದೆ, ಕೆಲಸದ ಗುರುತು ಅಳಿಸಿಹೋಗುತ್ತದೆ. ಮಾಲೀಕನಿಗೆ ಇದಕ್ಕಿಂತ ಅನುಕೂಲದ ಕತೆ ಬೇಕೇ?

ಇದು ಬರೀ ಶೈಲಿಯ ಪ್ರಶ್ನೆ ಅಲ್ಲ, ಚಳವಳಿಯ ಪ್ರಶ್ನೆ. ನಮ್ಮ ಹೋರಾಟ ಉಸಿರಿನ ಮೇಲೆ ನಡೆಯುತ್ತದೆ. ಘೋಷಣೆ ಕೂಗಲು ಉಸಿರು ಬೇಕು, ಹೋರಾಟದ ಹಾಡಿಗೆ ದನಿಗೂಡಿಸಲು ಉಸಿರು ಬೇಕು, ಜಾಥಾದಲ್ಲಿ ಹತ್ತು ಮೈಲಿ ನಡೆಯಲು ಉಸಿರು ಬೇಕು. ದಮ್ಮಿನವಳು ಮೊದಲ ಘೋಷಣೆಗೇ ಎದೆ ಹಿಡಿದು ಕೂರುತ್ತಾಳೆ. ಅವಳು ಸಭೆಗೆ ಬರಲಿಲ್ಲ, ಅವಳಿಗೆ ಪ್ರಜ್ಞೆ ಸಾಲದು ಎಂದು ಹೇಳಿಬಿಡುವುದು ಸುಲಭ. ಎತ್ತು ಕಟ್ಟಿ ಮೇಟಿ ಸುತ್ತ ಒಕ್ಕುತ್ತಿದ್ದ ಕಾಲದಲ್ಲಿ ಹಂತಿಯ ಹಾಡುಗಳಿದ್ದವು, ಇಡೀ ರಾತ್ರಿ ಹಾಡುತ್ತಿದ್ದರು ಎಂದು ಜಾನಪದ ವಿದ್ವಾಂಸರು ಸಂಪುಟ ಸಂಪುಟ ಮಾಡಿದ್ದಾರೆ. ಒಳ್ಳೆಯದು. ಹಾಡಿದವರ ಎದೆ ಏನಾಯಿತು ಎಂಬುದಕ್ಕೂ ಒಂದು ಪುಟ ಬೇಕಿತ್ತು.

ಹನ್ನೆರಡನೇ ಶತಮಾನದ ಶರಣರಲ್ಲಿ ಕೊಟ್ಟಣದ ಸೋಮಮ್ಮ ಎಂಬವಳಿದ್ದಾಳೆ, ಭತ್ತ ಕುಟ್ಟುವುದು ಅವಳ ಕಾಯಕ. ಬಿದ್ದ ಅಕ್ಕಿ ಆಯುತ್ತಿದ್ದ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ದಾವಣಗೆರೆಯಲ್ಲಿ ಕಾಯಕದ ಮೇಲೆ ಭಾಷಣಕ್ಕೆ ಬರ ಇಲ್ಲ. ಅದೇ ಊರಿನ ಯಾರ್ಡಿನಲ್ಲಿ ಇವತ್ತು ಕಸದಿಂದ ಕಾಳು ಆಯುವವರು ಆ ಲಕ್ಕಮ್ಮನ ಒಡಹುಟ್ಟಿದವರು. ಕಾಯಕವನ್ನು ಪೂಜಿಸುವವರು ಕಾಯವನ್ನು ಕಾಯಬೇಡವೇ?

4

ಹರಿಹರಕ್ಕೆ ಈ ಮಾತಿನಲ್ಲಿ ಒಂದು ವಿಶೇಷ ಹಕ್ಕಿದೆ. ಬಿ. ಬಸವಲಿಂಗಪ್ಪನವರು ಹರಿಹರದವರು. 1973ರಲ್ಲಿ ಮಂತ್ರಿಯಾಗಿದ್ದಾಗ ಮೈಸೂರಿನಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತು ಹೇಳಿದರು. ಊರೂರಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿತ್ತು, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಯಿತು. ಆ ಬೆಂಕಿಯಲ್ಲೇ ದಲಿತ ಚಳವಳಿಯ ಒಂದು ಎಳೆ ಹುಟ್ಟಿತು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು (1938–1997) ಕೂಡ ಹರಿಹರದವರು. ಕನ್ನಡ ಮೇಷ್ಟ್ರು, ವಿಮರ್ಶಕರು. ಸಾಹಿತ್ಯವನ್ನು ಅದರ ಸಾಮಾಜಿಕ ಬೇರಿನಿಂದ ಬಿಡಿಸಿ ಓದಲು ಒಪ್ಪದವರು.

ಬೂಸಾ ಎಂಬ ಮಾತಿಗೆ ಅಂದು ಸಿಟ್ಟಾದವರು ಅದನ್ನು ಬೈಗುಳ ಎಂದು ತಿಳಿದರು. ಅದರ ಅರ್ಥ ಗೊತ್ತಿದ್ದವರು ದನದ ಮೇವು, ಸತ್ವ ಇಲ್ಲದ್ದು ಎಂದರು. ಕೂಲಿಯ ಕಡೆಯಿಂದ ಓದಿದರೆ ಇನ್ನೂ ಒಂದು ಅರ್ಥ ಇದೆ. ಬೂಸಾ ಎಂದರೆ ಹೊಟ್ಟು, ತೌಡು. ಯಾರೋ ತಿನ್ನುವ ಅಕ್ಕಿಯಿಂದ ಬೇರೆಯಾಗಿ ಇನ್ಯಾರದೋ ಎದೆಯೊಳಗೆ ಹೋಗಿ ಕೂರುವ ವಸ್ತು. ಕಾಳನ್ನು ಹಾಡಿ, ಹೊಟ್ಟು ಎಲ್ಲಿ ಹೋಯಿತೆಂದು ಕೇಳದ ಸಾಹಿತ್ಯ ಈ ಅರ್ಥದಲ್ಲೂ ಬೂಸಾವೇ. ಐವತ್ತು ವರ್ಷದ ಹಿಂದಿನ ಆ ಮಾತನ್ನು ನಾವು ಇವತ್ತು ಹೀಗೆ ಓದುತ್ತೇವೆ.

ಹರಿಹರದ ಎದುರು ದಂಡೆಯ ಕುಮಾರಪಟ್ಟಣದ ಕಾರ್ಖಾನೆಗಳ ವಿಷಯವೂ ನೆನಪಿರಲಿ. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ದಂಡೆಯ ಹಳ್ಳಿಗಳು ಎದ್ದವು. ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿತು. ಕಾರ್ಖಾನೆಯ ತಿರುಳಿಗಾಗಿ ಊರಿನ ನೆಲದಲ್ಲಿ ನೀಲಗಿರಿ ನೆಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಎಂದು ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ನದಿಯ ಕಾಯಿಲೆ ಕಣ್ಣಿಗೆ ಬಿತ್ತು, ಯಾಕಂದರೆ ಸತ್ತ ಮೀನು ಮೇಲೆ ತೇಲುತ್ತದೆ. ಎದೆಯ ಕಾಯಿಲೆ ತೇಲುವುದಿಲ್ಲ. ಅದು ಗುಡಿಸಲೊಳಗೆ, ರಾತ್ರಿಯಲ್ಲಿ, ಒಬ್ಬೊಬ್ಬರಾಗಿ ಮುಳುಗಿಸುತ್ತದೆ. ತೇಲದ್ದನ್ನು ಮೇಲೆ ತರುವುದಕ್ಕೇ ಬರವಣಿಗೆ ಬೇಕು.

5

ಆಸ್ಪತ್ರೆಯ ಚೀಟಿಯನ್ನೂ ಒಂದು ಕೃತಿಯಂತೆ ಓದೋಣ. ನಾವು ನೋಡಿದ ಚೀಟಿಗಳಲ್ಲಿ ಹೆಸರು ಇದೆ, ವಯಸ್ಸು ಇದೆ, ಹೆಣ್ಣೋ ಗಂಡೋ ಇದೆ, ಊರು ಇದೆ. ಕೆಳಗೆ ಮಾತ್ರೆಯ ಹೆಸರು. ಕೆಲಸ ಏನು ಎಂಬ ಸಾಲು ಇಲ್ಲ, ಇದ್ದರೂ ಖಾಲಿ, ಇಲ್ಲವೇ 'ಕೂಲಿ' ಎಂಬ ಎರಡಕ್ಷರ. ಯಾವ ಕೂಲಿ? ಕಳೆ ಕೀಳುವ ಕೂಲಿಯೋ, ತೌಡು ತುಂಬುವ ಕೂಲಿಯೋ, ಎಣ್ಣೆ ಹೊಡೆಯುವ ಕೂಲಿಯೋ? ಮುದುಕನ ಕೆಮ್ಮು ಬರೆದ ಕತೆಗಾರನೂ ಈ ಚೀಟಿಯೂ ಒಂದೇ ಶೈಲಿಯವರು. ಇಬ್ಬರೂ ಕೆಮ್ಮು ಬರೆಯುತ್ತಾರೆ, ಕೆಲಸ ಬರೆಯುವುದಿಲ್ಲ.

ಮುನ್ನೂರು ವರ್ಷಕ್ಕೂ ಹಿಂದೆ, 1700ರಲ್ಲಿ, ಇಟಲಿಯಲ್ಲಿ ಬರ್ನಾರ್ಡಿನೋ ರಮಾಝಿನಿ ಎಂಬ ವೈದ್ಯ ದುಡಿಯುವವರ ರೋಗಗಳ ಮೇಲೆ ಒಂದು ಪುಸ್ತಕ ಬರೆದ. ಅದರಲ್ಲಿ ಕಾಳು ಜರಡಿ ಹಿಡಿಯುವವರ, ಅಳೆಯುವವರ ಬಗ್ಗೆಯೇ ಒಂದು ಅಧ್ಯಾಯ ಇದೆ. ಧೂಳು ಅವರ ಗಂಟಲು, ಎದೆ, ಕಣ್ಣು ಹೊಕ್ಕು ಹಾಳು ಮಾಡುತ್ತದೆ, ಅವರಿಗೆ ಏದುಸಿರು, ಮುಪ್ಪು ಕಾಣುವವರು ಅಪರೂಪ ಎಂದು ಅವನು ಬರೆದ. ರೋಗಿಗೆ ಕೇಳುವ ಹಳೆಯ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿ ಎಂದು ವೈದ್ಯರಿಗೆ ಹೇಳಿದ: ನೀನು ಮಾಡುವ ಕೆಲಸ ಯಾವುದು? ಅವನ ಆ ಒಂದು ಪ್ರಶ್ನೆ ಸಮುದ್ರ ದಾಟಿ, ಮೆಡಿಕಲ್ ಕಾಲೇಜುಗಳ ಈ ಊರಿಗೂ ಬಂದು, ಪಠ್ಯಪುಸ್ತಕದಲ್ಲೇ ಕೂತುಬಿಟ್ಟಿದೆ. ಚೀಟಿಗೆ ಇಳಿದಿಲ್ಲ.

ಚೀಟಿ ಕೈಕೊಟ್ಟ ಮೇಲೆ ಜನ ಎಲ್ಲಿಗೆ ಹೋಗುತ್ತಾರೆ? ಮೃಗಶಿರಾ ಮಳೆಗೆ ಹೈದರಾಬಾದಿನ ಬಸ್ಸು ಹತ್ತಿ ಜೀವಂತ ಮೀನು ನುಂಗಲು ಹೋಗುತ್ತಾರೆ. ಅವರನ್ನು ಮೂಢರು ಎಂದು ನಗುವುದು ಬೇಡ. ಅದರಿಂದ ದಮ್ಮು ವಾಸಿಯಾಗುತ್ತದೆ ಎಂಬುದಕ್ಕೆ ಆಧಾರ ಇಲ್ಲ, ಅದನ್ನು ಗಟ್ಟಿಯಾಗಿಯೇ ಹೇಳೋಣ. ಆದರೆ ಊರಿನ ಆರೋಗ್ಯ ಕೇಂದ್ರದಲ್ಲಿ ಬಾಯಿಗೆ ಎಳೆದುಕೊಳ್ಳುವ ಪಂಪು ವರ್ಷವಿಡೀ ಸಿಕ್ಕರೆ, ಪಂಪು ಚಟ ಹಿಡಿಸುತ್ತದೆ ಎಂಬ ಸುಳ್ಳನ್ನು ಯಾರಾದರೂ ಕೂತು ಬಿಡಿಸಿ ಹೇಳಿದರೆ, ಆ ಬಸ್ಸು ತಾನಾಗಿ ಖಾಲಿಯಾಗುತ್ತದೆ. ಊತ ಇಳಿಸುವ ಪಂಪು ಬೇರೆ, ಆ ಗಳಿಗೆಗೆ ಕೊಳವೆ ಬಿಚ್ಚುವ ಪಂಪು ಬೇರೆ. ಎರಡನೆಯದೊಂದನ್ನೇ ಎಳೆದುಕೊಂಡು ಮತ್ತೆ ಅದೇ ಧೂಳಿಗೆ ಹೋಗುವುದು ಅಪಾಯ. ಇದನ್ನು ಹೇಳಲೂ ಆ ಡಾಕ್ಟರಿಗೆ ಅವಳ ಕೆಲಸ ಗೊತ್ತಿರಬೇಕು.

ಕಾನೂನನ್ನೂ ಇದೇ ಕಣ್ಣಲ್ಲಿ ಓದಬೇಕು. 1948ರ ಕಾರ್ಖಾನೆ ಕಾಯ್ದೆ ಧೂಳಿನ ಬಗ್ಗೆ, ವರದಿ ಮಾಡಬೇಕಾದ ರೋಗಗಳ ಬಗ್ಗೆ ಮಾತಾಡಿತು. ಆದರೆ ಅದು ಕಾರ್ಖಾನೆಯ ಗೋಡೆಯ ಒಳಗಿನ ಮಾತು. ಹೊಲಕ್ಕೆ ಗೋಡೆ ಇಲ್ಲ. 2020ರಲ್ಲಿ ಸಂಸತ್ತು ಅದನ್ನೂ ಬೇರೆ ಕಾಯ್ದೆಗಳನ್ನೂ ಒಂದು ಸಂಹಿತೆಯೊಳಗೆ ಸೇರಿಸಿತು. ಅಲ್ಲಿಯೂ ಎಷ್ಟು ಆಳು ಎಂಬ ತಲೆ ಎಣಿಕೆ. ಇವತ್ತು ಒಂದು ಹೊಲ, ನಾಳೆ ಒಂದು ಹೊಲ ಎಂದು ತಿರುಗುವವಳ ತಲೆ ಯಾವ ಎಣಿಕೆಗೆ ಸಿಕ್ಕೀತು? ಇನ್ನೂ ಒಂದು ಕಾಯ್ದೆ ಇದೆ, 1983ರ ಅಪಾಯಕಾರಿ ಯಂತ್ರಗಳ ಕಾಯ್ದೆ. ಒಕ್ಕಣೆ ಮಷೀನನ್ನೇ ಹೆಸರಿಸಿ ಮಾಡಿದ ಕಾಯ್ದೆ ಅದು. ಮಷೀನಿಗೆ ಸಿಕ್ಕಿ ಕೈ ತುಂಡಾಗುತ್ತಿದ್ದ ಕಾಲದಲ್ಲಿ ಬಂತು. ಬರಬೇಕಾದದ್ದೇ. ಆದರೆ ನೋಡಿ, ತುಂಡಾದ ಕೈ ಕಾನೂನಿನ ಕಣ್ಣಿಗೆ ಬಿತ್ತು. ಅದೇ ಮಷೀನು ಅದೇ ಆಳಿನ ಎದೆಗೆ ಉಗುಳಿದ ಧೂಳು ಬೀಳಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ತಿದ್ದಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಕೆಲಸದಿಂದ ಬರುವ ಅಸ್ತಮಾ ಸ್ಪಷ್ಟವಾಗಿ ಇದೆ. ಜಿನೀವಾದಲ್ಲಿ ರೋಗ, ಹೊಲದಲ್ಲಿ ಹಣೆಬರಹ.

6

ಹಾಗಾದರೆ ಏನು ಮಾಡಬೇಕು? ದೂರದ ಒಂದು ಊರಿನ ಸಂಗತಿ ಹೇಳುತ್ತೇವೆ. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 1981ರಿಂದ 1987ರ ನಡುವೆ 26 ಸಾರಿ, ಒಂದೊಂದು ದಿನ ಇದ್ದಕ್ಕಿದ್ದಂತೆ ದಮ್ಮಿನ ರೋಗಿಗಳು ಆಸ್ಪತ್ರೆಗೆ ಮುಗಿಬಿದ್ದರು, ಕೆಲವರು ಸತ್ತರು. ಹವೆ ಕೆಟ್ಟಿದೆ, ವಾಹನದ ಹೊಗೆ ಎಂದು ತರ್ಕ ಮಾಡಿದರು. ಕೊನೆಗೆ ಕೆಲವರು ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಆಸ್ಪತ್ರೆಯ ರಿಜಿಸ್ಟರು. ಇನ್ನೊಂದು, ಬಂದರಿನಲ್ಲಿ ಯಾವ ದಿನ ಯಾವ ಸರಕು ಇಳಿಯಿತು ಎಂಬ ರಿಜಿಸ್ಟರು. ಜನ ಮುಗಿಬಿದ್ದ ದಿನಗಳಲ್ಲೆಲ್ಲ ಹಡಗಿನಿಂದ ಸೋಯಾ ಕಾಳು ಇಳಿದಿತ್ತು. ಸೋಯಾ ತುಂಬುವ ದೊಡ್ಡ ಕಣಜಕ್ಕೆ ಧೂಳು ಹಿಡಿಯುವ ಫಿಲ್ಟರು ಇರಲಿಲ್ಲ. ಫಿಲ್ಟರು ಹಾಕಿಸಿದರು, ಆ ದಮ್ಮಿನ ದಾಳಿಗಳು ನಿಂತವು. ಜನರ ವಂಶ ಬದಲಾಗಲಿಲ್ಲ, ಹಣೆಬರಹ ಬದಲಾಗಲಿಲ್ಲ, ಬದಲಾದದ್ದು ಒಂದು ಫಿಲ್ಟರು.

ದಾವಣಗೆರೆಯಲ್ಲೂ ಈ ಎರಡು ರಿಜಿಸ್ಟರುಗಳಿವೆ. ಎಪಿಎಂಸಿಯಲ್ಲಿ ಯಾವ ದಿನ ಎಷ್ಟು ಮೆಕ್ಕೆಜೋಳ ಬಂತು ಎಂದು ಬರೆದಿಡುತ್ತಾರೆ. ಆಸ್ಪತ್ರೆಯಲ್ಲಿ ಯಾವ ರಾತ್ರಿ ಎಷ್ಟು ಜನ ದಮ್ಮಿನವರು ಬಂದರು ಎಂದು ಬರೆದಿಡುತ್ತಾರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಓದುವುದು ಮೆಡಿಕಲ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರ ಕೆಲಸ. ಮೀಸಲಾತಿಯ ಹೋರಾಟ ಅವರನ್ನು ಆ ಕಟ್ಟಡದೊಳಗೆ ಕಳಿಸಿದೆ. ಒಳಗೆ ಹೋದವರು ಚೀಟಿಯಲ್ಲಿ ಒಂದು ಸಾಲು ಹೆಚ್ಚು ಬರೆಯಲಿ: ಏನು ಕೆಲಸ, ಎಷ್ಟು ವರ್ಷ, ಬಿಟ್ಟಾಗ ಕಡಿಮೆಯೋ.

ಹಳ್ಳಿಯ ಮೇಷ್ಟ್ರುಗಳಿಗೂ ಕೆಲಸ ಇದೆ. ಒಕ್ಕಣೆ ಶುರುವಾಗುವ ತಿಂಗಳಿಗೆ ಮೊದಲು, ಊರಲ್ಲಿ ಯಾರಿಗೆ ದಮ್ಮು, ಅವರು ಮಾಡುವ ಕೆಲಸ ಏನು ಎಂದು ಮನೆಯವರ ಒಪ್ಪಿಗೆ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ಊರಿನದು ಗೊಣಗಾಟ, ಹತ್ತು ಊರಿನದು ಪುರಾವೆ. ಗಾದೆ ವಿಸ್ತರಿಸಲು ಕೊಟ್ಟಾಗ ಹೊಟ್ಟಿನ ಕಡೆ ನಿಂತು ಬರೆದ ಮಗುವಿಗೂ ಅಂಕ ಕೊಡಿ.

ಸಂಘಟನೆಯ ಗೆಳೆಯರು ಕೂಲಿ ದರ ಕೇಳುವಾಗ ಇವನ್ನೂ ಕೇಳಲಿ. ಮಷೀನು ನಿಲ್ಲಿಸುವ ಮೊದಲು ಗಾಳಿಯ ದಿಕ್ಕು ನೋಡಬೇಕು, ಹೊಟ್ಟು ಉಗುಳುವ ಬಾಯಿ ಆಳುಗಳ ಕಡೆ ಇರಬಾರದು, ಅದಕ್ಕೆ ಉದ್ದನೆಯ ಕೊಳವೆ ಬೇಕು. ಮುಖಕ್ಕೆ ಸರಿಯಾದ ಮಾಸ್ಕು ಮಾಲೀಕನೇ ಕೊಡಬೇಕು. ಸೆಕೆಯಲ್ಲಿ ಮಾಸ್ಕು ಹಾಕಿ ದುಡಿಯಲು ನಡುನಡುವೆ ಬಿಡುವು ಬೇಕು, ಬಿಡುವಿಗೆ ಕೂಲಿ ಮುರಿಯಬಾರದು. ದಮ್ಮು ಬಂದವಳನ್ನು ಮನೆಗೆ ಕಳಿಸುವುದು ಪರಿಹಾರವಲ್ಲ, ಧೂಳಿಲ್ಲದ ಕೆಲಸ ಕೊಡಬೇಕು. ಗಿರಣಿಯಲ್ಲಿ, ಯಾರ್ಡಿನಲ್ಲಿ ಧೂಳು ಹೀರುವ ಯಂತ್ರ ಕೂರಿಸಬೇಕು. ಅಕ್ಕಿಗೆ ಪಾಲಿಶ್ ಮಾಡಲು ಯಂತ್ರಕ್ಕೆ ದುಡ್ಡಿದೆ, ಆಳಿನ ಎದೆ ಉಳಿಸುವ ಯಂತ್ರಕ್ಕೆ ಇಲ್ಲವೆಂದರೆ ನಂಬುವವರು ಯಾರು?

ಬರೆಯುವ ಗೆಳೆಯರಿಗೆ ಒಂದೇ ಮಾತು. ನಿಮ್ಮ ಕತೆಯಲ್ಲಿ ಯಾರಾದರೂ ಕೆಮ್ಮಿದರೆ, ಆ ಕೆಮ್ಮಿಗೆ ಒಂದು ಕೆಲಸದ ಹೆಸರು ಕೊಡಿ. ಕೆಲಸದ ಹೆಸರು ಬಂದರೆ ಮಾಲೀಕನ ಹೆಸರು ಬರುತ್ತದೆ. ಮಾಲೀಕನ ಹೆಸರು ಬಂದರೆ ಲೆಕ್ಕ ಕೇಳುವ ದಾರಿ ಕಾಣುತ್ತದೆ. ಮುಂದಿನ ಮೆಕ್ಕೆಜೋಳದ ತೆನೆ ಒಣಗುವುದಕ್ಕೆ ಮೊದಲು ಆ ಲೆಕ್ಕದ ಪುಸ್ತಕ ಶುರುವಾಗಲಿ.